ಕೊರಿಯಾ ದೇಶದ ಸ್ಟ್ರಾಬೆರಿ ಹಾಲೂ ಅದರಲ್ಲಿ ಬೆಳೆಗಾರನ ಪಾಲೂ

ದಕ್ಷಿಣ ಕೊರಿಯಾ ದೇಶದಲ್ಲಿ ಚಳಿಗಾಲವು ಬಂತೆಂದರೆ ಅನೇಕ ಮನೆಗಳಲ್ಲಿಯೂ ಪಾನೀಯದ ಅಂಗಡಿಗಳಲ್ಲಿಯೂ ಸ್ಟ್ರಾಬೆರಿ ಹಾಲನ್ನು ಸಿದ್ಧಪಡಿಸುವ ರೂಢಿಯು ಈಚಿನ ವರ್ಷಗಳಲ್ಲಿ ಬಹಳವಾಗಿ ಹರಡಿರುವುದು. ಮಾಗಿದ ಹಣ್ಣನ್ನು ಸಕ್ಕರೆಯೊಡನೆ ಕಿವುಚಿ, ಗಾಜಿನ ಲೋಟದ ತಳದಲ್ಲಿಟ್ಟು, ಅದರ ಮೇಲೆ ತಣ್ಣನೆಯ ಹಾಲನ್ನು ಹೊಯ್ಯುವುದು, ಇಷ್ಟೇ ಅದರ ಕ್ರಮ. ಅಲ್ಲಿಯವರು ಹಣ್ಣಿಗೆ ತಾಲ್ಗಿ ಎಂದೂ ಹಾಲಿಗೆ ಊಯು ಎಂದೂ ಹೇಳುವುದರಿಂದ ಪಾನೀಯಕ್ಕೆ ತಾಲ್ಗಿ ಊಯು ಎಂಬ ಹೆಸರು ಬಂದಿದೆ. ಬಾಳೆಹಣ್ಣಿನ ರಸಾಯನವನ್ನೂ ಮಾವಿನ ಹಣ್ಣಿನ ಸೀಕರಣೆಯನ್ನೂ ಬಲ್ಲ ಗೃಹಿಣಿಯರಿಗೆ ಇದರಲ್ಲಿ ಹೊಸತೇನೂ ತೋರಲಾರದು. ಇಷ್ಟು ಅಲ್ಪವಾದ ವಿಷಯಕ್ಕೆ ವ್ಯವಸಾಯದ ಪತ್ರಿಕೆಯಲ್ಲಿ ಸ್ಥಳವೇಕೆಂದು ಗ್ರಾಮದ ಯಜಮಾನರೂ ಜಮೀನುದಾರರೂ ಕೇಳಬಹುದು, ಕೇಳತಕ್ಕದ್ದೇ ಸರಿ. ಆದರೆ ಲೋಟದಲ್ಲಿರುವುದು ಹಣ್ಣೋ, ಹಣ್ಣಿನ ಹೆಸರು ಮಾತ್ರವೋ ಎಂಬ ಪ್ರಶ್ನೆಯು ನೋಡುವುದಕ್ಕೆ ಅಡಿಗೆಯ ಮನೆಯದಾಗಿದ್ದರೂ, ಅದರ ಉತ್ತರದಿಂದ ಲಾಭನಷ್ಟಗಳು ಒದಗುವುದು ಹೊಲದವನಿಗೆ.

ಕೊರಿಯಾದ ಸಾಮಾನ್ಯ ಜನರಲ್ಲಿ ಹಾಲು ಕುಡಿಯುವ ಪದ್ಧತಿಯು ಪೂರ್ವದಿಂದ ಬಂದುದಲ್ಲ. ಸೋಲ್ ಪಟ್ಟಣದ ಹಾಲು ಉತ್ಪಾದಕರು ತಮ್ಮ ಸಹಕಾರ ಸಂಘವನ್ನು ಕಟ್ಟಿಕೊಂಡದ್ದು ೧೯೩೭ರಲ್ಲಿ, ದೇಶವು ಜಪಾನಿನ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ. ಮುಂದೆ ಹಾಲಿನ ಉತ್ಪತ್ತಿಯು ಹೆಚ್ಚಿದಂತೆಲ್ಲ, ಬರಿಯ ಹಾಲನ್ನು ಒಲ್ಲದವರಿಗೆ ಅದನ್ನು ರುಚಿ ಬಣ್ಣಗಳೊಡನೆ ಕೂಡಿಸಿ ಮಾರುವ ಉಪಾಯವನ್ನು ಕಾರ್ಖಾನೆಗಳವರು ಹಿಡಿದರು. ಈಗ ಬಿಂಗ್ರೆ ಎಂದು ಕರೆಯಲ್ಪಡುವ ಕಂಪನಿಯು ೧೯೭೪ರಲ್ಲಿ ಬಾಳೆಹಣ್ಣಿನ ರುಚಿಯ ಹಾಲನ್ನು ಹೊರತಂದಾಗ, ಬಾಳೆಹಣ್ಣು ಆ ದೇಶದಲ್ಲಿ ಸಾಮಾನ್ಯರ ಕೈಗೆ ಎಟುಕದ ವಿದೇಶೀ ಪದಾರ್ಥವಾಗಿದ್ದಿತು. ನಸುಗೆಂಪಿನ ಸ್ಟ್ರಾಬೆರಿ ಹಾಲೂ ಅದೇ ಬಗೆಯದು. ಇಂಥವುಗಳಲ್ಲಿ ಅನೇಕವುಗಳಲ್ಲಿ ಹಣ್ಣಿನ ರಸವು ಅತ್ಯಲ್ಪ. ಕೆಲವುಗಳಲ್ಲಿ ಇರುವುದು ಪರಿಮಳವೊಂದೇ. ಬಣ್ಣವನ್ನಾದರೋ ಹಲವು ಕಾರ್ಖಾನೆಗಳು ಕೋಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದ ಕೆಂಪಿನಿಂದ ಪಡೆದವು. ಪಾಪಾಸುಕಳ್ಳಿಯ ಮೇಲೆ ಬದುಕುವ ಈ ಕೀಟದ ದಾಯಾದಿಗಳು ದಕ್ಷಿಣ ಭಾರತದ ರೈತರಿಗೆ ಅಪರಿಚಿತರಲ್ಲ. ಹೊಲಗಳನ್ನು ಆಕ್ರಮಿಸಿದ್ದ ಕಳ್ಳಿಯ ಪೊದೆಗಳನ್ನು ನಿರ್ಮೂಲಮಾಡುವ ಕಾರ್ಯಕ್ಕೆ ಈ ಕುಲದ ಕೀಟಗಳನ್ನೇ ಇಲ್ಲಿ ಬಿಡಲಾಗಿತ್ತು. ಹೊಲವನ್ನು ಕಳ್ಳಿಯಿಂದ ಉಳಿಸಿದ ಕೀಟಕ್ಕೆ ಕೃತಜ್ಞತೆಯು ಸಲ್ಲತಕ್ಕದ್ದೇ ಆದರೂ, ಹಣ್ಣಿಗೆ ಬದಲಾಗಿ ಅದು ಲೋಟಕ್ಕೆ ಇಳಿಯಬೇಕಾದುದಿಲ್ಲ.

ಕಾರ್ಖಾನೆಯ ಹಾಲನ್ನು ವಿಷವೆಂದು ದೂಷಿಸುವುದು ನ್ಯಾಯವಲ್ಲ. ಅದು ಶುಚಿಯಾದುದು, ಅಗ್ಗವಾದುದು, ಹಸು ಸಾಕುವವನಿಗೆ ಅದರಿಂದ ಪ್ರಯೋಜನವೂ ಉಂಟು. ಆದರೆ ಹಣ್ಣು ಬೆಳೆಯುವವನಿಗೆ? ಹಣ್ಣಿನ ಹೆಸರು ಹೊತ್ತ ಪಾನೀಯವು ಎಷ್ಟೇ ಮಾರಾಟವಾದರೂ ಅದರಲ್ಲಿ ಹಣ್ಣಿಲ್ಲದಿದ್ದರೆ ಬೆಳೆಗಾರನ ಬುಟ್ಟಿಯೊಂದೂ ಹಗುರವಾಗದು. ಮನೆಯಲ್ಲಿ ಮಾಡಿದ ಹಾಲಿನ ಲೋಟವೊಂದಕ್ಕೆ ಏನಿಲ್ಲೆಂದರೂ ನಾಲ್ಕೈದು ಹಣ್ಣು ಬೇಕು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದುಕೊಳ್ಳದೆ, ಹೆಚ್ಚುವರಿ ಹಣ್ಣಿಗೆ ಕಾರ್ಖಾನೆಯೊಂದೇ ಗತಿಯೆಂದು ಹೇಳುವವರ ಮಾತು ಪೂರ್ಣ ಸತ್ಯವಲ್ಲ.

ಕೊರಿಯಾದಲ್ಲಿ ಮನೆಯ ಹಾಲು ಇಷ್ಟು ರುಚಿಕರವಾದುದಕ್ಕೆ ಕಾರಣವನ್ನು ಅಡಿಗೆಯವರ ಜಾಣ್ಮೆಯಲ್ಲಿ ಹುಡುಕಿದರೆ ಸಿಕ್ಕದು. ಅದು ಇರುವುದು ದಕ್ಷಿಣ ಚುಂಗ್‌ಚೋಂಗ್ ಪ್ರಾಂತದ ನೊನ್ಸಾನ್ ಎಂಬಲ್ಲಿಯ ಸರ್ಕಾರೀ ಸ್ಟ್ರಾಬೆರಿ ಪ್ರಯೋಗಕ್ಷೇತ್ರದಲ್ಲಿ. ಈ ಶತಮಾನದ ಆರಂಭದಲ್ಲಿ ಆ ದೇಶದ ಸ್ಟ್ರಾಬೆರಿ ತೋಟಗಳನ್ನು ತುಂಬಿದ್ದುದು ಜಪಾನಿನ ತಳಿಗಳು. ೨೦೦೫ರಲ್ಲಿ ಸ್ವದೇಶೀ ತಳಿಗಳ ಪಾಲು ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. ೨೦೦೨ರಲ್ಲಿ ಕೊರಿಯಾವು ಹೊಸ ತಳಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವನ್ನು ಸೇರಿದ ಬಳಿಕ, ತಳಿಯ ಒಡೆಯರಿಗೆ ರಾಯಧನವನ್ನು ಸಲ್ಲಿಸಬೇಕಾದೀತೆಂಬ ಭಯವು ರೈತರನ್ನು ಹಿಡಿಯಿತು. ಹೀಗಿರುವಲ್ಲಿ ನೊನ್ಸಾನಿನ ಕ್ಷೇತ್ರದವರು ೨೦೦೫ರಲ್ಲಿ ಸೊಲ್‌ಹ್ಯಾಂಗ್ ಎಂಬ ತಳಿಯನ್ನು ಹೊರತಂದರು. ಹಿಮದ ಪರಿಮಳವೆಂದು ಆ ಹೆಸರಿಗೆ ಅರ್ಥ. ಅದು ಬೂದಿರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವುದು, ಚಳಿಯಲ್ಲಿಯೂ ಫಲ ಕೊಡುವುದು, ಇಳುವರಿಯಲ್ಲಿ ಉದಾರವಾದುದು, ರಸವೂ ಬಹಳ. ಹತ್ತು ವರ್ಷ ಕಳೆಯುವುದರೊಳಗೆ ದೇಶದ ಸ್ಟ್ರಾಬೆರಿ ಭೂಮಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಅದೊಂದೇ ತಳಿಯು ಆವರಿಸಿತು.

ಇದರಲ್ಲಿ ಒಂದು ಮಾತನ್ನು ಮರೆಮಾಚತಕ್ಕದ್ದಲ್ಲ. ಸೊಲ್‌ಹ್ಯಾಂಗ್ ತಳಿಯ ತಂದೆತಾಯಿಗಳಾದ ಅಕಿಹಿಮೆ ಮತ್ತು ರೆಡ್ ಪರ್ಲ್ ಎರಡೂ ಜಪಾನಿನವೇ. ೨೦೧೮ರ ಚಳಿಗಾಲದ ಒಲಿಂಪಿಕ್ ಪಂದ್ಯಗಳ ಕಾಲದಲ್ಲಿ ಜಪಾನಿನ ಕರ್ಲಿಂಗ್ ಆಟಗಾರ್ತಿಯರು ಕೊರಿಯಾದ ಸ್ಟ್ರಾಬೆರಿಯನ್ನು ಮೆಚ್ಚಿ ಹೊಗಳಿದಾಗ, ಅವರ ದೇಶದ ಕೃಷಿ ಮಂತ್ರಿಗಳು ಆ ಹಣ್ಣಿನ ಮೂಲವು ತಮ್ಮ ದೇಶದಿಂದ ಹೊರಗೆ ಹೋದ ತಳಿಗಳೆಂದು ಜ್ಞಾಪಿಸಿದರು. ಅವರ ಅಸಮಾಧಾನಕ್ಕೆ ಆಧಾರವಿಲ್ಲದಿಲ್ಲ. ಆದರೂ ಇದ್ದ ತಳಿಗಳನ್ನು ಕೂಡಿಸಿ, ಸಾವಿರಾರು ಸಸಿಗಳಲ್ಲಿ ಒಂದನ್ನು ಆರಿಸಿ, ಅದನ್ನು ರೈತರ ಕೈಗೆ ತಲುಪಿಸುವ ಶ್ರಮವೂ ಸ್ವತಂತ್ರವಾದ ಶ್ರಮವೇ ಆಗಿದೆ.

ಈ ತಳಿಗೆ ಇರುವ ದೋಷವೇ ಪ್ರಕೃತ ವಿಷಯಕ್ಕೆ ಗುಣವಾಗಿ ಪರಿಣಮಿಸಿರುವುದು. ಸೊಲ್‌ಹ್ಯಾಂಗ್ ಹಣ್ಣಿನ ತಿರುಳು ಮೆತ್ತಗೆ. ದೂರದ ಪ್ರಯಾಣವನ್ನು ಸಹಿಸದು. ಹೊರದೇಶಗಳಿಗೆ ಕಳುಹಿಸುವುದಕ್ಕೆ ಮೇಹ್ಯಾಂಗ್ ಮುಂತಾದ ಗಟ್ಟಿ ತಳಿಗಳನ್ನು ಬೆಳೆಯುವರು. ಬೆಳೆಯು ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ ನವೆಂಬರ್ ಕೊನೆಯಿಂದ ಮೇ ತಿಂಗಳವರೆಗೆ ಬರುವುದು. ಡಿಸೆಂಬರ್, ಜನವರಿಗಳ ದೊಡ್ಡ ಹಣ್ಣಿಗೆ ಒಳ್ಳೆಯ ಬೆಲೆ. ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಉಡುಗೊರೆಗೆ ಕೊಡುವಷ್ಟು ಮನ್ನಣೆ. ಬಿಸಿಲು ಏರಿದಂತೆ ಹಣ್ಣು ಬೇಗ ಬೇಗ ಮಾಗಿ, ಗಾತ್ರದಲ್ಲಿ ಕುಗ್ಗಿ, ಮತ್ತಷ್ಟು ಮೆತ್ತಗಾಗಿ, ಬೆಲೆಯು ಇಳಿಯುವುದು. ಕಿವುಚುವುದಕ್ಕೆ ಆಕಾರವೇಕೆ, ಗಾತ್ರವೇಕೆ? ಪೆಟ್ಟಿಗೆಗೆ ಒಲ್ಲದ ಈ ಕೊನೆಯ ಕೊಯ್ಲಿನ ಹಣ್ಣೇ ಹಾಲಿಗೆ ಯೋಗ್ಯವಾದುದು. ಸ್ಟ್ರಾಬೆರಿ ಹಾಲನ್ನು ಪಟ್ಟಣಿಗರ ಶೋಕಿಯೆಂದು ತಳ್ಳಿಹಾಕುವವರು ಈ ಅಂಶವನ್ನು ನೋಡಬೇಕು. ಉತ್ತಮ ಹಣ್ಣನ್ನು ಮಾರಿ, ಉಳಿದುದನ್ನು ಮನೆಯಲ್ಲಿಯೇ ಬಳಸುವುದು ರೈತರ ಪುರಾತನ ಕ್ರಮವಲ್ಲದೆ ಬೇರೆಯಲ್ಲ.

ಇನ್ನು ಮಾಡುವ ವಿಧಾನ. ಹಣ್ಣನ್ನು ಹಸುರು ತೊಟ್ಟಿನ ಸಹಿತವಾಗಿಯೇ ಹರಿಯುವ ನೀರಿನಲ್ಲಿ ಬೇಗನೆ ತೊಳೆಯತಕ್ಕದ್ದು. ತೊಟ್ಟನ್ನು ಮೊದಲೇ ಕಿತ್ತರೆ ಆ ಗಾಯದಿಂದ ನೀರು ಒಳಗೆ ಸೇರಿ ರುಚಿಯು ತೆಳುವಾಗುವುದು. ತೊಳೆದ ಹಣ್ಣನ್ನು ಬಟ್ಟೆಯ ಮೇಲೆ ಹರಡಿ ತೇವವಾರಿದ ಬಳಿಕ ತೊಟ್ಟು ತೆಗೆಯಬೇಕು. ಅರ್ಧ ಕಿಲೋ ಹಣ್ಣಿಗೆ ೧೦೦ ಗ್ರಾಂ ಸಕ್ಕರೆಯು ಸಾಕು. ಹಣ್ಣು ಚೆನ್ನಾಗಿ ಸಿಹಿಯಾಗಿದ್ದರೆ ಅದಕ್ಕಿಂತಲೂ ಕಡಿಮೆ. ಹಣ್ಣಿನ ಮೂರರಲ್ಲೆರಡು ಪಾಲನ್ನು ಸಕ್ಕರೆಯೊಡನೆ ಕೈಯಿಂದಲೋ ಮರದ ಸೌಟಿನಿಂದಲೋ ಕಿವುಚಿ, ಉಳಿದ ಪಾಲನ್ನು ಬೇಳೆಕಾಳಿಗಿಂತ ತುಸು ದೊಡ್ಡದಾಗಿ ಹೆಚ್ಚಿ ಅದರಲ್ಲಿ ಬೆರೆಸುವರು. ಯಂತ್ರದಲ್ಲಿ ನುಣ್ಣಗೆ ಅರೆಯುವುದು ಅಲ್ಲಿಯವರ ಪದ್ಧತಿಯಲ್ಲ. ಕುಡಿಯುವಾಗ ಹಣ್ಣಿನ ಚೂರು ಹಲ್ಲಿಗೆ ಸಿಕ್ಕಬೇಕೆಂಬುದೇ ಈ ಪಾನೀಯದ ವೈಶಿಷ್ಟ್ಯ. ಈ ಮಿಶ್ರಣವನ್ನು ಅರ್ಧ ಗಂಟೆಯಾದರೂ, ಸಾಧ್ಯವಿದ್ದರೆ ಮೂರು ನಾಲ್ಕು ಗಂಟೆಯಾದರೂ ಶೀತಪೆಟ್ಟಿಗೆಯಲ್ಲಿಡಬೇಕು. ಸಕ್ಕರೆಯು ಹಣ್ಣಿನೊಳಗಣ ನೀರನ್ನು ಹೊರಕ್ಕೆ ಎಳೆದು ತಾನೂ ಕರಗಿ ಕೆಂಪು ಪಾಕವಾಗುವುದು. ಬೆಂಕಿಯ ಅವಶ್ಯವೇ ಇಲ್ಲ. ಬಳಿಕ ಲೋಟಕ್ಕೆ ೧೦೦ ಗ್ರಾಮಿನಷ್ಟು ಮಿಶ್ರಣವನ್ನು ಹಾಕಿ, ೨೦೦ ಮಿಲಿಲೀಟರ್ ತಣ್ಣನೆಯ ಹಾಲನ್ನು ಲೋಟದ ಅಂಚಿನಿಂದ ಮೆಲ್ಲಗೆ ಇಳಿಬಿಟ್ಟರೆ ಕೆಳಗೆ ಕೆಂಪು, ಮೇಲೆ ಬಿಳುಪು ಬೇರೆ ಬೇರೆಯಾಗಿ ನಿಲ್ಲುವುದು. ಕುಡಿಯುವವನು ತಾನೇ ಕಲಕಿಕೊಳ್ಳುವನು.

ಹಣ್ಣನ್ನು ಸಕ್ಕರೆಯಲ್ಲಿ ಹುದುಗಿಸಿಡುವ ವಿದ್ಯೆಯು ಕೊರಿಯಾದವರಿಗೆ ಹೊಸತಲ್ಲ. ಚಂಗ್ ಎಂದು ಕರೆಯುವ ಇಂಥ ಪಾಕವನ್ನು ಮೇಸಿಲ್ ಎಂಬ ಹುಳಿಹಣ್ಣಿನಿಂದಲೂ ಯುಜಾ ಎಂಬ ನಿಂಬೆಯ ಜಾತಿಯ ಹಣ್ಣಿನಿಂದಲೂ ಅವರು ಮಾಡುವರು. ತಿಂಗಳುಗಟ್ಟಲೆ ಇಡಬೇಕಾದುದರಿಂದ ಅವುಗಳಿಗೆ ಹಣ್ಣಿನ ಸಮತೂಕದ ಸಕ್ಕರೆಯನ್ನು ಹಾಕುವುದುಂಟು. ಹಾಲಿಗೆ ಬೇಕಾದ ಸ್ಟ್ರಾಬೆರಿಗೆ ಅಷ್ಟು ಸಕ್ಕರೆಯನ್ನು ಸುರಿಯುವುದು ಅವಿವೇಕ. ಕಡಿಮೆ ಸಕ್ಕರೆಯ ಮಿಶ್ರಣವು ತಂಪಿನಲ್ಲಿ ಎರಡು ಮೂರು ದಿನ ಮಾತ್ರ ನಿಲ್ಲುವುದೆಂಬುದು ನಿಜ. ಅಷ್ಟರೊಳಗೆ ಅದನ್ನು ಮುಗಿಸುವುದು ಮಕ್ಕಳಿರುವ ಮನೆಗೆ ಕಷ್ಟವಾದ ಕೆಲಸವೇನಲ್ಲ.

ಹಾಲು ಒಡೆಯಿತೆಂಬ ದೂರು ಹಲವರಿಂದ ಬರುವುದು. ಸ್ಟ್ರಾಬೆರಿಯು ಹುಳಿಯ ಹಣ್ಣು. ಹುಳಿ ಸೋಕಿದ ಹಾಲು, ಅದರಲ್ಲಿಯೂ ಬೆಚ್ಚಗಿನ ಹಾಲು, ಒಡೆಯುವುದು ಸ್ವಾಭಾವಿಕ. ಎರಡೂ ಚೆನ್ನಾಗಿ ತಣ್ಣಗಿದ್ದು, ಬೆರೆಸಿದ ಕೂಡಲೇ ಕುಡಿದರೆ ಈ ತೊಂದರೆಯಿಲ್ಲ. ಬೆರೆಸಿ ಇಟ್ಟು ಮಧ್ಯಾಹ್ನಕ್ಕೆ ಕುಡಿಯುವೆನೆಂಬುದು ಸಲ್ಲದು. ಕಬ್ಬಿಣದ, ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಗಳಲ್ಲಿ ಹಣ್ಣನ್ನು ಕಿವುಚಲೇಬಾರದು. ಗಾಜು, ಪಿಂಗಾಣಿ, ಸ್ಟೀಲು ಇವು ಉತ್ತಮ. ಬಣ್ಣದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಹಣ್ಣಿನ ಕೆಂಪು ಹುಳಿಯಲ್ಲಿ ಉಜ್ವಲವಾಗಿದ್ದು, ಹಾಲು ಬೆರೆತು ಹುಳಿಯು ಕಡಿಮೆಯಾದಾಗ ಮಂಕಾಗುವುದು. ಆದುದರಿಂದ ಮನೆಯಲ್ಲಿ ಮಾಡಿದ ಹಾಲು ಅಂಗಡಿಯ ಹಾಲಿನಂತೆ ಹೊಳೆಯುವುದಿಲ್ಲವೆಂದು ಬಣ್ಣವನ್ನು ಕೊಂಡು ತಂದು ಬೆರೆಸುವುದು ಅನಾವಶ್ಯಕ. ಮಾಸಿದ ಬಣ್ಣವೇ ಅದರಲ್ಲಿ ಹಣ್ಣಿದೆಯೆಂಬುದಕ್ಕೆ ಸಾಕ್ಷಿ.

ಕೊರಿಯಾದ ಬೆಳೆಗಾರರ ಕ್ರಮದಲ್ಲಿ ಎಲ್ಲವೂ ಅನುಕರಣೀಯವೆಂದು ಹೇಳುವಂತಿಲ್ಲ. ಚಳಿಯ ರಾತ್ರಿಗಳಲ್ಲಿ ಎರಡು ಪದರದ ಹೊದಿಕೆಗಳ ನಡುವೆ ಅಂತರ್ಜಲವನ್ನು ಸಿಂಪಡಿಸಿ, ಅದರ ಬೆಚ್ಚನೆಯಿಂದ ಗಿಡಗಳನ್ನು ಕಾಪಾಡುವ ಪದ್ಧತಿಯು ಅಲ್ಲಿ ಪ್ರಚಾರದಲ್ಲಿದೆ. ಇದರಿಂದ ಎಣ್ಣೆಯ ಖರ್ಚು ಉಳಿಯುವುದು, ಆದರೆ ನೆಲದೊಳಗಣ ನೀರು ಇಳಿಯುತ್ತ ಹೋಗುವುದು. ಕೊಳವೆಬಾವಿಗಳ ಆಳವನ್ನು ವರ್ಷವರ್ಷವೂ ಹೆಚ್ಚಿಸುತ್ತ ಬಂದಿರುವ ಸೀಮೆಯ ಜಮೀನುದಾರರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಭಾರತದಲ್ಲಿ ಸ್ಟ್ರಾಬೆರಿಯ ಬಹುಭಾಗವು ಬೆಳೆಯುವುದು ಮಹಾರಾಷ್ಟ್ರದ ಮಹಾಬಳೇಶ್ವರ, ಪಾಂಚಗಣಿ ಪ್ರಾಂತದಲ್ಲಿ. ಚಳಿಗಾಲದಲ್ಲಿ ಆ ಹಣ್ಣು ಕರ್ಣಾಟಕದ ಪಟ್ಟಣಗಳ ಪೇಟೆಗೂ ಬರುವುದು. ಅಲ್ಲಿ ರೂಢಿಯಲ್ಲಿರುವ ಕ್ಯಾಮರೋಸಾ, ವಿಂಟರ್ ಡಾನ್ ಮುಂತಾದ ತಳಿಗಳು ಅಮೆರಿಕಾದ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾದವು. ಕ್ಯಾಮರೋಸಾದಂಥ ಗಟ್ಟಿ ಹಣ್ಣು ದಾರಿಯ ಕುಲುಕಾಟವನ್ನು ತಡೆಯುವುದು, ಆದರೆ ಸೊಲ್‌ಹ್ಯಾಂಗಿನಷ್ಟು ಮೆದುವಲ್ಲ, ರಸಭರಿತವೂ ಅಲ್ಲ. ಅದನ್ನು ಉಪಯೋಗಿಸುವವರು ತುದಿಯಿಂದ ತೊಟ್ಟಿನವರೆಗೆ ಪೂರ್ಣವಾಗಿ ಕೆಂಪಾದ ಹಣ್ಣನ್ನೇ ಆರಿಸಿಕೊಂಡು, ಹೆಚ್ಚು ಹೊತ್ತು ಸಕ್ಕರೆಯಲ್ಲಿ ನೆನೆಯಿಸತಕ್ಕದ್ದು. ಬಿಳಿಯ ಹೆಗಲು ಉಳಿದ ಹಣ್ಣಿಗೆ ಎಷ್ಟು ಸಕ್ಕರೆಯನ್ನು ಹಾಕಿದರೂ ಪರಿಮಳವು ಬಾರದು. ಕೊರಿಯಾದ ಮನೆಗಳಲ್ಲಿ ಕಾರ್ಖಾನೆಯಲ್ಲಿ ಕಾಯಿಸಿ ಶುದ್ಧಮಾಡಿದ ಹಾಲನ್ನು ಡಬ್ಬಿಯಿಂದ ನೇರವಾಗಿ ಹೊಯ್ಯುವರು. ಹಟ್ಟಿಯಿಂದ ಕರೆದು ತಂದ ಹಾಲನ್ನು ಹಾಗೆ ಬಳಸುವುದು ಅಪಾಯಕರ. ಅದನ್ನು ಚೆನ್ನಾಗಿ ಉಕ್ಕಿಸಿ, ಕೆನೆಯನ್ನು ತೆಗೆದು, ಪೂರ್ಣವಾಗಿ ಆರಿಸಿ, ತಂಪಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಹಣ್ಣಿನ ಮೇಲೆ ಹೊಯ್ಯಬೇಕು. ಎಮ್ಮೆಯ ಹಾಲಾದರೆ ಕಾಲುಪಾಲು ಕಾಯಿಸಿ ಆರಿಸಿದ ನೀರನ್ನು ಬೆರೆಸುವುದು ಮೇಲು. ಇಲ್ಲವಾದರೆ ಅದರ ಜಿಡ್ಡಿನಲ್ಲಿ ಹಣ್ಣಿನ ರುಚಿಯು ಅಡಗಿಹೋಗುವುದು.