ದುಡಿಯುವ ಗಾಡಿಗೆ ಪವರ್ ಟ್ಯೂನ್ ಬೇಡ: ಪರ ವಾದಗಳಿಗೆ ಪ್ರತ್ಯುತ್ತರ

ಭತ್ತದ ಕಟಾವು ಮುಗಿದು ಕೈಗೆ ನಾಲ್ಕು ದುಡ್ಡು ಬರುವ ಹೊತ್ತಿಗೆ ರಾಯಚೂರು ಜಿಲ್ಲೆಯ ಆರ್.ಎಚ್. ಕ್ಯಾಂಪಿನಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರಿನವರೆಗೆ ಗ್ಯಾರೇಜುಗಳ ಮುಂದೆ ಒಂದು ಚರ್ಚೆ ಶುರುವಾಗುತ್ತದೆ: ಟರ್ಬೊ ಗಾಡಿಗೆ ಟ್ಯೂನ್ ಮಾಡಿಸೋಣವೇ? ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು, ಅಂದರೆ ಇಸಿಯುವನ್ನು, ರೀಮ್ಯಾಪ್ ಮಾಡುವವರಿದ್ದಾರೆ, ವೈರಿಂಗ್ ನಡುವೆ ಟ್ಯೂನಿಂಗ್ ಬಾಕ್ಸ್ ಕೂರಿಸುವವರಿದ್ದಾರೆ, ಹಳೆಯ ಟ್ರ್ಯಾಕ್ಟರಿನ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವವರಿದ್ದಾರೆ. ದಾರಿ ಮೂರು, ಉದ್ದೇಶ ಒಂದೇ: ಅದೇ ಎಂಜಿನ್ನಿನಿಂದ ಹೆಚ್ಚು ಶಕ್ತಿ.

ನನ್ನ ನಿಲುವು ಸ್ಪಷ್ಟ. ದುಡಿದು ತಿನ್ನಿಸುವ ಗಾಡಿಗೆ ಇದು ಬೇಡ. ಎಂಜಿನ್ನಿನ ತಾಳಿಕೆಯಲ್ಲಿ ಕಂಪನಿ ಬಿಟ್ಟಿರುವ ಅಂತರವನ್ನು ನಮ್ಮ ಬಿಸಿಲು, ದೂಳು, ಹೇರು ಈಗಾಗಲೇ ತಿನ್ನುತ್ತಿವೆ. ಟ್ಯೂನರ್ ನಮಗೆ ಮಾರುವುದು ಆ ಅಂತರದಲ್ಲಿ ಉಳಿದ ಚೂರನ್ನು. ಟ್ಯೂನ್ ಪರವಾಗಿ ಕೇಳಿಬರುವ ವಾದಗಳನ್ನು ಒಂದೊಂದಾಗಿ ನೋಡೋಣ.

1. “ಒಂದೇ ಎಂಜಿನ್ ಎರಡು ಪವರ್‌ನಾಗ ಮಾರ್ತಾರ. ಕಂಪನಿಯವ್ರು ಬೇಕಂತಲೇ ಕಟ್ಟಿ ಹಾಕ್ಯಾರ.”

ಎದುರಾಳಿಗಳ ಗಟ್ಟಿ ವಾದ ಇದು, ಅರ್ಧ ನಿಜವೂ ಹೌದು. ಸ್ಕಾರ್ಪಿಯೊ-ಎನ್‌ನ 2.2 ಲೀಟರ್ ಡೀಸೆಲ್ ಎಂಜಿನ್ ಕೆಳಗಿನ ಮಾದರಿಯಲ್ಲಿ 132 ಪಿಎಸ್ ಕೊಡುತ್ತದೆ, ಮೇಲಿನದರಲ್ಲಿ 175. ಆದರೆ ಆ ಮೇಲಿನ ಮಾದರಿಯನ್ನೇ ಇನ್ನೊಮ್ಮೆ ನೋಡಿ. ಮ್ಯಾನ್ಯುವಲ್ ಗೇರಿನ ಗಾಡಿಗೆ 370 ನ್ಯೂಟನ್ ಮೀಟರ್ ಟಾರ್ಕ್, ಆಟೊಮ್ಯಾಟಿಕ್‌ಗೆ 400. ಎಕ್ಸ್‌ಯುವಿ700ರಲ್ಲೂ ಹಾಗೇ: ಮ್ಯಾನ್ಯುವಲ್‌ಗೆ 420, ಆಟೊಮ್ಯಾಟಿಕ್‌ಗೆ 450. ಮಾರಾಟಕ್ಕಾಗಿಯೇ ಕಟ್ಟಿ ಹಾಕಿದ್ದರೆ ಒಂದೇ ಪಿಎಸ್‌ನ ಗಾಡಿಗೆ ಗೇರ್‌ಬಾಕ್ಸ್ ಬದಲಾದ ಕೂಡಲೇ ಟಾರ್ಕ್ ಯಾಕೆ ಬದಲಾಗಬೇಕು? ಎಂಜಿನ್ ಹುಟ್ಟಿಸುವ ತಿರುಚು ಬಲವನ್ನು ಕ್ಲಚ್, ಗೇರ್, ಆಕ್ಸಲ್ ವರ್ಷಗಟ್ಟಲೆ ಹೊರಬೇಕು. ಅವುಗಳಿಗೆ ತಕ್ಕಂತೆ ಮಿತಿ ಇಡಲಾಗಿದೆ. ರೀಮ್ಯಾಪ್ ಮಾಡುವವರು ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ಟಾರ್ಕ್ ಏರಿಸುತ್ತಾರೆ. ಕ್ಲಚ್ ಪ್ಲೇಟು ಮಾತ್ರ ಹಳೆಯದೇ ಇರುತ್ತದೆ.

2. “ಟ್ಯೂನ್ ಮಾಡಿಸಿದ್ರ ಮೈಲೇಜ್ ಬರ್ತದ.”

ಅದೇ ರಸ್ತೆಯಲ್ಲಿ, ಅದೇ ಹೇರು ಹೊತ್ತು, ಅದೇ ವೇಗದಲ್ಲಿ ಓಡುವ ಗಾಡಿಗೆ ಬೇಕಾದ ಶಕ್ತಿ ಟ್ಯೂನ್‌ಗೆ ಮುಂಚೆಯೂ ಅಷ್ಟೇ, ಆಮೇಲೂ ಅಷ್ಟೇ. ಹೆಚ್ಚಿನ ಶಕ್ತಿ ಬೇಕೆಂದಾಗ ಅದು ಬರುವುದು ಹೆಚ್ಚಿನ ಡೀಸೆಲ್‌ನಿಂದ. ಇಂಧನ ಚಿಮ್ಮುವ ಹೊತ್ತನ್ನು ಸರಿಹೊಂದಿಸಿ ಒಂದಿಷ್ಟು ಉಳಿಸಬಹುದು, ನಿಜ. ಆದರೆ ಹೊಸ ಎಳೆತ ಸಿಕ್ಕ ಕಾಲು ಆಕ್ಸಿಲರೇಟರ್ ಮೇಲೆ ಸುಮ್ಮನಿರುವುದಿಲ್ಲ.

“ಮೀಟರ್‌ನಾಗ ಕಾಣಸ್ತದಲ್ಲ” ಎನ್ನುವವರು ಬಾಕ್ಸ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಳ್ಳಬೇಕು. ಅಗ್ಗದ ಟ್ಯೂನಿಂಗ್ ಬಾಕ್ಸು ಕಾಮನ್ ರೇಲಿನ ಒತ್ತಡದ ಸೆನ್ಸರಿಗೂ ಇಸಿಯುಗೂ ನಡುವೆ ಕೂತು, ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಸುಳ್ಳು ವರದಿ ಕೊಡುತ್ತದೆ. ಅದನ್ನು ನಂಬಿ ಇಸಿಯು ಒತ್ತಡ ಏರಿಸುತ್ತದೆ, ಸಿಲಿಂಡರಿಗೆ ಲೆಕ್ಕಕ್ಕಿಂತ ಹೆಚ್ಚು ಡೀಸೆಲ್ ಹೋಗುತ್ತದೆ. ಮೈಲೇಜ್ ತೋರಿಸುವ ಮೀಟರಿಗೆ ಇಸಿಯುವಿನ ಲೆಕ್ಕವೇ ಆಧಾರ. ಹಾಗಾಗಿ ಹೋದ ಡೀಸೆಲ್ ಕಡಿಮೆ ಎಂದೂ ಮೈಲೇಜ್ ಹೆಚ್ಚು ಎಂದೂ ಕಾಣುತ್ತದೆ. ನಿಜ ಬೇಕಿದ್ದರೆ ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ.

3. “ಬೆಂಗ್ಳೂರಾಗ ಎಷ್ಟೋ ಮಂದಿ ಮಾಡಿಸ್ಯಾರ, ಏನೂ ಆಗಿಲ್ಲ.”

ಬೆಂಗಳೂರಿನ ಹವೆ ಬೇರೆ, ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ಬೇರೆ. ಎಂಜಿನ್ ಶಕ್ತಿ ಅಳೆಯುವ ಮಾನಕದ ಆಧಾರ ತಾಪಮಾನ 25 ಡಿಗ್ರಿ. ಗಾಳಿ 45 ಡಿಗ್ರಿಗೆ ಕಾದರೆ ಅದೇ ಒತ್ತಡದಲ್ಲಿ ಅದರ ಸಾಂದ್ರತೆ ಸುಮಾರು ಶೇ. 6 ಇಳಿಯುತ್ತದೆ. ಅಂದರೆ ಡೀಸೆಲ್ ಉರಿಯಲು ಬೇಕಾದ ಆಮ್ಲಜನಕ ಅಷ್ಟು ಕಡಿಮೆ. ಕೊರತೆ ತುಂಬಲು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಟರ್ಬೊ ಇನ್ನೂ ಜೋರಾಗಿ ಸುತ್ತಬೇಕಾಗುತ್ತದೆ. ಹಾರ್ವೆಸ್ಟರ್ ಎಬ್ಬಿಸಿದ ಹೊಟ್ಟು, ದೂಳು ಏರ್ ಫಿಲ್ಟರಿನಲ್ಲೂ ಇಂಟರ್‌ಕೂಲರಿನ ಸಂದಿಯಲ್ಲೂ ತುಂಬಿದ್ದರೆ ಕಷ್ಟ ಎರಡು ಪಟ್ಟು. ಅಂಥ ಎಂಜಿನ್ನಿಗೆ ಇನ್ನಷ್ಟು ಡೀಸೆಲ್ ಸುರಿದಾಗ ಏರುವುದು ಹೊಗೆ ಮತ್ತು ಕಾವು. ಪೂರ್ತಿ ಹೇರಿನಲ್ಲಿ ಹೊರಬರುವ ಅನಿಲ 700 ಡಿಗ್ರಿಯ ಆಸುಪಾಸು ಇರುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660ಕ್ಕೆ. ಪಿಸ್ಟನ್ ಬದುಕಿರುವುದು ಆಯಿಲ್ ಅದನ್ನು ತಂಪು ಮಾಡುತ್ತಿರುವುದರಿಂದ, ಉರಿಯ ಹೊಡೆತ ಕ್ಷಣಮಾತ್ರದ್ದಾಗಿರುವುದರಿಂದ. ಅಲ್ಲಿ ಸಡಿಲ ಬಿಡಲು ಬಹಳ ಜಾಗವಿಲ್ಲ.

4. “ಹೇರು ಜಗ್ಗಬೇಕು, ಗದ್ದ್ಯಾಗ ಸಿಕ್ಕೊಂಡ ಟ್ರಾಲಿ ಎಳೀಬೇಕು. ಪವರ್ ಬೇಡೇನು?”

ಅಗತ್ಯ ನಿಜ, ಮದ್ದು ತಪ್ಪು. ನೀರು ನಿಲ್ಲಿಸಿದ ಗದ್ದೆಯಲ್ಲಿ ಟ್ರ್ಯಾಕ್ಟರ್ ಸೋಲುವುದು ಬಹುಪಾಲು ಹಿಡಿತ ಸಾಲದೆ. ಚಕ್ರ ಕೆಸರಿನಲ್ಲಿ ಜಾರುತ್ತಿರುವಾಗ ಕೊಟ್ಟ ಹೆಚ್ಚುವರಿ ಶಕ್ತಿ ಇನ್ನಷ್ಟು ಜಾರಿಕೆಯಾಗುತ್ತದೆ. ಕೇಜ್ ವೀಲ್, ತಕ್ಕ ತೂಕ, ಕೆಳಗಿನ ಗೇರ್ ಕೊಡುವ ಎಳೆತವನ್ನು ಪಂಪಿನ ಸ್ಕ್ರೂ ಕೊಡಲಾರದು. ಹಿಡಿತ ಸಿಕ್ಕೇಬಿಟ್ಟರೆ ಅಪಾಯ ಇನ್ನೂ ದೊಡ್ಡದು. ಹೂತ ಟ್ರಾಲಿ ಅಲುಗದೆ ಕೂತು, ಟ್ರ್ಯಾಕ್ಟರಿಗೆ ಬಲ ಹೆಚ್ಚಿದ್ದರೆ ಮುಂಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಡ್ರೈವರ್ ಅದರ ಅಡಿಯಲ್ಲಿರುತ್ತಾನೆ.

ಪಿಕಪ್ಪಿನ ಲೆಕ್ಕವೂ ನೋಡೋಣ. 75 ಕೆ.ಜಿ.ಯ ಭತ್ತದ ಚೀಲದಂತೆ 1.7 ಟನ್ ಮಿತಿಯ ಪಿಕಪ್ಪಿಗೆ 22 ಚೀಲ. 30 ಹೇರಿದರೆ 2,250 ಕೆ.ಜಿ. ಅಷ್ಟು ಹೊತ್ತು 60ರ ಬದಲು 80ರ ವೇಗದಲ್ಲಿ ಓಡಿಸಿದರೆ ಬ್ರೇಕ್ ನುಂಗಬೇಕಾದ ಶಕ್ತಿ ವೇಗ ಒಂದರಿಂದಲೇ ಸುಮಾರು 1.8 ಪಟ್ಟು. ಇಸಿಯು ಟ್ಯೂನ್ ಆಯಿತು. ಬ್ರೇಕ್, ಟೈರ್, ಪಾಟಾ ಆಗಲಿಲ್ಲ. ಆ ಗಾಡಿಯ ಮುಂದೆ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿರುವವರು ನಮ್ಮವರೇ.

5. “ಡಿಪಿಎಫ್ ಕಟ್ಕೊಂಡು ಕಾಟ ಕೊಡ್ತದ. ಟ್ಯೂನ್ ಮಾಡುವಾಗ ಅದನ್ನೂ ತೆಗೆಸಿಬಿಡೋಣ.”

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಈ ಫಿಲ್ಟರ್ ಸಾಮಾನ್ಯವಾಯಿತು. ಕ್ಯಾಂಪು–ಸಿಂಧನೂರು ನಡುವಿನ ಗಿಡ್ಡ ಓಡಾಟದಲ್ಲೇ ಇರುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುವುದು ಸುಳ್ಳಲ್ಲ; ಕೂತ ಮಸಿ ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಅದಕ್ಕೆ ಸುಲಭ ಪರಿಹಾರವೂ ಇದೆ. ಎಚ್ಚರಿಕೆ ದೀಪ ಹತ್ತಿದಾಗ, ಇಲ್ಲವೇ ವಾರಕ್ಕೊಮ್ಮೆ, ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಮಸ್ಕಿ ಕಡೆಗೆ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ಕಿತ್ತೆಸೆದರೆ ಆ ಮಸಿ ಹೋಗುವುದು ಮನೆಯಂಗಳಕ್ಕೆ, ಶಾಲೆಯ ಗೇಟಿಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2012ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ನಮ್ಮ ಅನುಕೂಲಕ್ಕೆ ಊರಿನವರ ಶ್ವಾಸಕೋಶ ಒತ್ತೆ ಇಡುವ ಹಕ್ಕು ಯಾರಿಗೂ ಇಲ್ಲ.

6. “ಬೇಕಾದಾಗ ಹಳೇ ಮ್ಯಾಪ್ ಹಾಕಿಸಿದ್ರಾತು. ಯಾರಿಗೆ ಗೊತ್ತಾಗ್ತದ?”

ಎಷ್ಟು ಸಲ ಹೊಸ ಪ್ರೋಗ್ರಾಂ ಬರೆಯಲಾಗಿದೆ ಎಂಬ ಲೆಕ್ಕವನ್ನು ಎಷ್ಟೋ ಇಸಿಯುಗಳು ಇಟ್ಟುಕೊಳ್ಳುತ್ತವೆ. ವಾರಂಟಿ ಕೇಳಲು ಹೋದಾಗ ಆ ಲೆಕ್ಕ ಮಾತಾಡುತ್ತದೆ. ಕಾನೂನಿನ ಮಾತಿಗೆ ಬಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸದಂತೆ ತಡೆಯುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಿದೆ. “ಅದು ರಚನೆಯ ಬದಲಾವಣೆಗೆ ಮಾತ್ರ, ಸಾಫ್ಟ್‌ವೇರ್‌ಗಲ್ಲ” ಎಂದು ವಾದಿಸಲು ಅವಕಾಶವಿದೆ, ಒಪ್ಪುತ್ತೇನೆ. ಆದರೆ 190(2)ನೇ ಕಲಂ ಮುಂದೆ ಆ ವಾದ ನಿಲ್ಲದು. ಮಾಲಿನ್ಯ ಮಾನಕ ಮೀರಿದ ಗಾಡಿ ಓಡಿಸಿದರೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಡ್ರೈವಿಂಗ್ ನಂಬಿ ಮನೆ ನಡೆಸುವವನಿಗೆ ಆ ಮೂರು ತಿಂಗಳೇ ದೊಡ್ಡ ಶಿಕ್ಷೆ.

ಸ್ಪರ್ಧೆಗೆಂದೇ ಇಟ್ಟ, ರಸ್ತೆಗೆ ಇಳಿಯದ, ಕ್ಲಚ್–ಕೂಲಿಂಗ್ ಎಲ್ಲ ಬದಲಿಸಿದ ಗಾಡಿಯ ವಿಷಯ ಬೇರೆ. ಅದರ ಮಾಲೀಕ ಎಂಜಿನ್ ಹೋದರೂ ತಡೆಯಬಲ್ಲ. ಸಾಲದ ಕಂತು ಕಟ್ಟುತ್ತಿರುವ ಗಾಡಿ ಹಾಗಲ್ಲ.

“ದಮ್ಮು ಹೋಗೇದ” ಎನಿಸಿದ ಗಾಡಿಗೆ ಮೊದಲು ಕಳೆದುಹೋದ ಶಕ್ತಿಯನ್ನು ಹುಡುಕಬೇಕು. ಏರ್ ಫಿಲ್ಟರ್ ತೆಗೆದು ನೋಡಿ. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಕ್ಲಿಪ್ಪಿನ ಹತ್ತಿರ ಬೆರಳಾಡಿಸಿ. ಆಯಿಲ್ ಜಿಡ್ಡಿಗೆ ದೂಳು ಹತ್ತಿ ಕಪ್ಪು ಗೆರೆ ಕೂತಿದ್ದರೆ ಬೂಸ್ಟ್ ಅಲ್ಲೇ ಸೋರುತ್ತಿರಬಹುದು. ಇಂಜೆಕ್ಟರ್ ಚೆಕ್ ಮಾಡಿಸಿ, ಟೈರಿನ ಗಾಳಿ ನೋಡಿ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಹೇರು ಹೊತ್ತು ಬಂದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಟರ್ಬೊ ತಣಿದ ಮೇಲೆ ಆಫ್ ಮಾಡಿ. ಇಷ್ಟಕ್ಕೆ ತಗಲುವ ಖರ್ಚು ಟ್ಯೂನಿಂಗಿಗಿಂತ ಕಡಿಮೆ, ಮರಳಿ ಬರುವ ಶಕ್ತಿ ನಿಮ್ಮದೇ. ಇದಾದ ಮೇಲೂ ಗಾಡಿ ಸಾಲದೆಂದರೆ ಕೆಲಸ ಆ ಗಾಡಿಗೆ ದೊಡ್ಡದಾಗಿದೆ ಎಂದೇ ಅರ್ಥ. ಆಗ ಎರಡು ಟ್ರಿಪ್ ಹೊಡೆಯಿರಿ, ಇಲ್ಲವೇ ದೊಡ್ಡ ಗಾಡಿ ಬಾಡಿಗೆಗೆ ತನ್ನಿ. ಇದ್ದ ಎಂಜಿನ್ನಿನ ಆಯುಷ್ಯ ಮಾರಿ ಪವರ್ ಕೊಳ್ಳಬೇಡಿ.