ಕೋವಿಯಿಲ್ಲದ ಕಡವೆಬೇಟೆ

ಕನಕಪುರ, ಮಾಗಡಿ ಸೀಮೆಯ ಹಳೆಯ ಮನೆಗಳ ಹಜಾರದಲ್ಲಿ ಒಂದು ಜೊತೆ ಕಡವೆಯ ಕೊಂಬು ತೂಗಿರುವುದುಂಟು. ಒಂದೊಂದು ಕೊಂಬಿಗೆ ಮೂರು ಕವಲು. ಕವಲುಗಳ ಮೇಲೆ ಟೋಪಿ, ಕೊಡೆ, ಕೈಚೀಲ. ಆ ಗೋಡೆಯ ಕೆಳಗಿನ ಆರಾಮಕುರ್ಚಿಯಲ್ಲಿ ಕುಳಿತ ಎಪ್ಪತ್ತೆಂಟರ ಹಿರಿಯರು ಕಾಫಿಯ ಲೋಟವನ್ನು ಕೆಳಗಿಡುತ್ತ, “ಇನ್ನೊಂದು ಸಲ ಸಂಗಮದ ಕಾಡು ನೋಡಬೇಕು” ಎಂದರೆಂದು ಎಣಿಸೋಣ. ಸೊಸೆ ಮಗನ ಮುಖ ನೋಡುತ್ತಾಳೆ. ಮಗ ವೈದ್ಯರ ಚೀಟಿಯನ್ನು ನೋಡುತ್ತಾನೆ. “ಮುಂದಿನ ವರ್ಷ ನೋಡೋಣ” ಎಂಬ ಮಾತು ಇಬ್ಬರಲ್ಲೊಬ್ಬರ ಬಾಯಿಂದ ಹೊರಡುತ್ತದೆ. ಎಪ್ಪತ್ತೆಂಟರಲ್ಲಿ ಮುಂದಿನ ವರ್ಷವೆಂಬುದು ಎಷ್ಟು ದೂರವೆಂದು ಮೂವರಿಗೂ ತಿಳಿದಿರುತ್ತದೆ.

ಸಾಗರದಾಚೆ ಅಮೆರಿಕದಲ್ಲಿ ಇದೇ ಪೇಚಾಟ ಬೇರೊಂದು ರೂಪದಲ್ಲಿದೆ. ಕೊಲೊರಾಡೊ ಪ್ರಾಂತದ ಪರ್ವತಗಳಲ್ಲಿ ‘ಎಲ್ಕ್’ ಎಂಬ ದೊಡ್ಡ ಜಿಂಕೆಯ ಬೇಟೆಗೆ ಸರ್ಕಾರವೇ ಪರವಾನಗಿ ಕೊಡುತ್ತದೆ. ಮಾರ್ಗದರ್ಶಕನಿಗೆ ಹಣ ಕೊಡದೆ, ವೃದ್ಧ ತಂದೆಯನ್ನು ಕರೆದುಕೊಂಡು ತಾವೇ ಹೊರಡುವ ಮಕ್ಕಳು ಅಲ್ಲಿ ಅನೇಕರು. ಎಂಟು ಹತ್ತು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ ತಂದೆಯ ಉಸಿರು ಎಷ್ಟು ದೂರ ನಡೆದೀತು, ಮುನ್ನೂರು ಕಿಲೋಗ್ರಾಂ ತೂಗುವ ಪ್ರಾಣಿ ಬಿದ್ದರೆ ಅದನ್ನು ಹೊರುವವರಾರು ಎಂಬ ಲೆಕ್ಕವೇ ಅವರ ಸಿದ್ಧತೆಯ ಮುಕ್ಕಾಲು ಪಾಲು. ಒಂದು ತಮಾಷೆಯೆಂದರೆ, ದಕ್ಷಿಣ ಭಾರತದ ಬ್ರಿಟಿಷ್ ತೋಟಗಾರರು ನಮ್ಮ ಕಡವೆಯನ್ನೂ ‘ಎಲ್ಕ್’ ಎಂದೇ ಕರೆದರು. ಸ್ವದೇಶದ ನೆನಪು ಕಾಡಿದಾಗ ಮನುಷ್ಯ ಕಂಡ ಪ್ರಾಣಿಗೆಲ್ಲ ಹಳೆಯ ಹೆಸರಿಡುತ್ತಾನೆ!

ನಮ್ಮಲ್ಲಿ ಆ ಲೆಕ್ಕ ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಕೈಕಟ್ಟಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ಕೊನೆಗಾಣಿಸಿತು. ಅಟ್ಟದ ಮೇಲೆ ಅಜ್ಜನ ಕಾಲದ ಕೋವಿ ಉಳಿದಿದ್ದರೆ ಅದು ಅಲ್ಲಿಯೇ ಉಳಿಯಲಿ. ಅದರ ಪರವಾನಗಿಯ ಕಾಗದ ಇಂದಿಗೂ ಸರಿಯಿದೆಯೇ ಎಂಬುದನ್ನು ಮಾತ್ರ ಈ ನೆಪದಲ್ಲಿ ನೋಡಿಬಿಡುವುದು ಒಳ್ಳೆಯದು. ನೆನಪಿಗೆಂದು ಅದನ್ನು ಕಾರಿನಲ್ಲಿಟ್ಟು ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಹೋಗುವುದು ಅಪರಾಧ.

ಕೋವಿ ಹೋದರೂ ಬೇಟೆಯ ವಿದ್ಯೆ ಉಳಿಯಬಲ್ಲದು. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಈ ಸೀಮೆಯ ಕಾಡುಗಳನ್ನು ಅಂಗೈಯಂತೆ ಬಲ್ಲವನಾಗಿದ್ದನು. ಅವನ ಮಾಗಡಿಯ ಚಿರತೆಯ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದು ಮನೆಮನೆಗೂ ಮುಟ್ಟಿಸಿದರು. ಆತನ ಮಗ ಡೊನಾಲ್ಡನೂ ತಂದೆಯ ಹಿಂದೆಯೇ ಕಾಡು ಸುತ್ತಿ ಬೆಳೆದವನು. ಗುಂಡು ಹಾರಿಸುವುದು ಅಂಥವರ ವಿದ್ಯೆಯ ಅತ್ಯಂತ ಚಿಕ್ಕ ಅಂಶ. ಗಾಳಿಯ ದಿಕ್ಕು, ಮಣ್ಣಿನ ಮೇಲಿನ ಗೊರಸು, ಕಡವೆಯ ‘ಢಂಕ್’ ಎಂಬ ಎಚ್ಚರಿಕೆಯ ಕೂಗು, ಆ ಕೂಗಿನ ಹಿಂದೆ ಚಿರತೆಯಿದೆಯೇ ಎಂಬ ತರ್ಕ, ಇವೇ ಹೆಚ್ಚಿನವು. ಮೊಣಕಾಲು ಸೋತರೂ ಇವು ಸೋಲುವುದಿಲ್ಲ. ಆದುದರಿಂದ ಯೋಜನೆಯ ಮೊದಲ ಮಾತು ಇದು: ಕಾರು ಮಗನದೋ ಮಗಳದೋ ಇರಲಿ, ಕಾಡು ಮಾತ್ರ ತಂದೆಯದು. ಎಲ್ಲಿ ಕೂರಬೇಕು, ಯಾವಾಗ ಮಾತು ನಿಲ್ಲಬೇಕು ಎಂಬುದನ್ನು ಅವರೇ ಹೇಳಲಿ. ಹಿರಿಯರನ್ನು ಹಾಸಿಗೆಯ ಸುರುಳಿಯಂತೆ ಹಿಂದಿನ ಸೀಟಿನಲ್ಲಿಟ್ಟು ತರುವುದು ಪ್ರವಾಸವಲ್ಲ, ಸಾಗಾಣಿಕೆ.

ಇನ್ನು ಸ್ಥಳದ ಆಯ್ಕೆ. ಮಾಗಡಿಯ ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಒಂಟಿಬಂಡೆ. ಅದನ್ನು ಏರುವ ಹುಮ್ಮಸ್ಸು ಮೊಮ್ಮಕ್ಕಳಿಗಿರಲಿ. ಬುಡದ ವೀರಭದ್ರ, ನರಸಿಂಹ ದೇವಾಲಯಗಳ ಸುತ್ತಿನ ನೆರಳು ಹಿರಿಯರಿಗೆ ಸಾಕು. ರಾಮನಗರದ ರಾಮದೇವರ ಬೆಟ್ಟವೂ ಮೆಟ್ಟಿಲಿನದೇ. ಆದರೆ 2012ರಲ್ಲಿ ದೇಶದ ಮೊದಲ ರಣಹದ್ದು ಧಾಮವೆಂದು ಘೋಷಿತವಾದ ಅಲ್ಲಿ, ಬೆಟ್ಟದ ಕೆಳಗಿನಿಂದಲೇ ಬಂಡೆಯ ಅಂಚನ್ನು ದುರ್ಬೀನಿನಲ್ಲಿ ಹುಡುಕಬಹುದು. ಡೈಕ್ಲೋಫಿನ್ಯಾಕ್ ಎಂಬ ನೋವಿನೌಷಧ ಸೇರಿದ ದನದ ಕಳೇಬರವನ್ನು ತಿಂದು ಆ ಹಕ್ಕಿಗಳು ದೇಶದಾದ್ಯಂತ ಸಾಯುತ್ತ ಬಂದವು; 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಲಾಯಿತು. ಬೇಟೆಯ ದಿನಗಳಲ್ಲಿ ತುಂಬಿದ ಆಕಾಶವನ್ನು ಕಂಡವರು ಇಂದು ಒಂದೆರಡು ರೆಕ್ಕೆಗಳಿಗಾಗಿ ಗಂಟೆಗಟ್ಟಲೆ ಕಾಯಬೇಕಾದೀತೆಂದು ಮುಂಚೆಯೇ ತಿಳಿಸಿರಬೇಕು. ಇಲ್ಲವಾದರೆ ಅವರಿಗೆ ಬೇಸರವಲ್ಲ, ದುಃಖವಾಗುತ್ತದೆ.

ಕಡವೆಗೆ ಮಾತ್ರ ಸಂಗಮವೇ ಸರಿ. ಕನಕಪುರದಿಂದ ಮುಂದೆ ಅರ್ಕಾವತಿ ಕಾವೇರಿಯನ್ನು ಸೇರುವ ಈ ನೆಲದ ಸುತ್ತಲೂ 1987ರಲ್ಲಿ ರಚಿತವಾದ ಕಾವೇರಿ ವನ್ಯಜೀವಿಧಾಮವಿದೆ. ಕಡವೆ ನೀರನ್ನು ಪ್ರೀತಿಸುವ ಪ್ರಾಣಿ. ಹಗಲೆಲ್ಲ ಪೊದೆಯಲ್ಲಿ ಅಡಗಿದ್ದು ಮುಂಬೆಳಗಿಗೂ ಮುಸ್ಸಂಜೆಗೂ ಹೊರಬರುತ್ತದೆ. ಏಪ್ರಿಲ್‌ನಲ್ಲಿ ಹಳ್ಳಗಳು ಬತ್ತಿ ಪ್ರಾಣಿಗಳು ಹೊಳೆಗೆ ಬರುವುದು ನಿಜವಾದರೂ ಆ ಬಿಸಿಲು ಹಿರಿಯರಿಗೆ ಹಗೆ. ಡಿಸೆಂಬರ್, ಜನವರಿಗಳಲ್ಲಿ ಪ್ರಾಣಿ ಕಾಣುವ ಸಂಭವ ಕಡಮೆ, ಮನುಷ್ಯ ಆರೋಗ್ಯದಿಂದ ಮರಳುವ ಸಂಭವ ಹೆಚ್ಚು. ಎರಡನೆಯದನ್ನೇ ಆರಿಸುವುದು ವಿವೇಕ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ಹೇಳದೆ ಕೇಳದೆ ಏರುತ್ತದೆ. ಆಗ ದಡಕ್ಕಿಳಿಯುವ ಮಾತೇ ಬೇಡ. ಮೇಕೆದಾಟಿಗೆ ಹರಿಗೋಲಿನಲ್ಲಿ ಹೊಳೆ ದಾಟಬೇಕು. ಹರಿಗೋಲಿಗೆ ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ತಂದೆಯ ಕಾಲನ್ನು ನೋಡಿ ತೀರ್ಮಾನಿಸತಕ್ಕದ್ದು.

ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಲಾಗದು. ಸುತ್ತಿನಲ್ಲಿ ಆನೆಗಳಿವೆ; ಚನ್ನಪಟ್ಟಣದ ಹೊಲಗಳವರೆಗೂ ಅವು ಬಂದುಹೋಗುತ್ತವೆ. ಎಪ್ಪತ್ತೆಂಟರ ಕಾಲು ಓಡಲಾರದು. ಆದ್ದರಿಂದ ಯಾರೂ ಓಡಬೇಕಾಗದ ಸ್ಥಳವನ್ನೇ, ಎಂದರೆ ಕಾರಿನ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯೊಳಗಿನ ಸ್ಥಳವನ್ನೇ ಆರಿಸಬೇಕು. ಹಿಂದೆ ಮಚಾನು ಕಟ್ಟುತ್ತಿದ್ದವರಿಗೆ ಇಂದು ಬೆನ್ನೊರಗುವ ಮಡಚುಕುರ್ಚಿ ಸಾಕು.

ಸಾಮಾನಿನ ವಿಷಯದಲ್ಲಿ ಗೃಹಿಣಿಯರ ಮಾತು ನಡೆಯಲಿ: ಫ್ಲಾಸ್ಕಿನಲ್ಲಿ ಬಿಸಿನೀರು, ಕಿವಿ ಮುಚ್ಚುವ ಮಫ್ಲರು, ಮಾಮೂಲಿಗಿಂತ ಒಂದು ದಿನದ ಹೆಚ್ಚಿನ ಮಾತ್ರೆ, ಮಾತ್ರೆಗಳ ಹೆಸರು ಬರೆದ ಚೀಟಿ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯಿದ್ದರೆ ಆ ದಿನದ ಹೊತ್ತನ್ನು ವೈದ್ಯರಲ್ಲಿ ಕೇಳಿಯೇ ಬದಲಿಸಬೇಕು. ಸಂಕೋಚದಿಂದ ಮಾತ್ರೆಯನ್ನೂ ನೀರನ್ನೂ ಬಿಟ್ಟುಬಿಡುವ ಹಿರಿಯರು ಕಡಮೆಯಿಲ್ಲ. ದುರ್ಬೀನು ಕೊಳ್ಳುವುದಾದರೆ ಎಂಟು ಪಟ್ಟು ಹಿಗ್ಗಿಸುವುದನ್ನೇ ಕೊಳ್ಳಿ. ಹತ್ತು ಪಟ್ಟಿನದು ನಡುಗುವ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿರಬೇಕು. ಕಣ್ಣಿಗಿಂತ ಮೊದಲು ಕಡವೆ ಸಿಗುವುದು ಕಿವಿಗೆ.

ಬೆಳಗಿನ ಎಂಟೂವರೆಯಾದರೂ ಏನೂ ಕಾಣದಿದ್ದರೆ ಹೊರಡುವುದು ಲೇಸು. ಮಕ್ಕಳು ಕ್ಷಮೆ ಕೇಳುವ ಧ್ವನಿಯಲ್ಲಿ ಮಾತಾಡಬೇಕಿಲ್ಲ; ಬರಿಗೈಯಲ್ಲಿ ಮರಳಿದ ಬೆಳಗುಗಳನ್ನು ಆ ಹಿರಿಯರು ಅವರಿಗಿಂತ ಹೆಚ್ಚು ಬಲ್ಲರು. ದಡದ ಒದ್ದೆ ಮರಳಿನಲ್ಲಿ ಗೊರಸಿನ ಗುರುತಿದ್ದರೆ ತೋರಿಸಿ, ಹೆಣ್ಣೋ ಗಂಡೋ, ರಾತ್ರಿಯದೋ ಬೆಳಗಿನದೋ ಎಂದು ಕೇಳಿದರೆ ಸಾಕು. ಉತ್ತರ ಬಹುಶಃ ಕನಕಪುರ ಬರುವವರೆಗೂ ಮುಗಿಯದು.