ತಮ್ಮನ ಮನೆಗೆ ಮಕ್ಕಳೊಡನೆ

ಬೇಸಿಗೆಯ ರಜೆ ಬಂದೊಡನೆ “ಎಲ್ಲಿಗೆ ಹೋಗೋಣ?” ಎಂದು ಮಕ್ಕಳು ಕೇಳುವುದೂ, “ಸೋದರಮಾವನ ಮನೆಗೆ” ಎಂದು ಹಿರಿಯರು ಉತ್ತರ ಕೊಡುವುದೂ ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ಆದರೆ ಊರು ಬಿಟ್ಟು ದೂರದಲ್ಲಿ ನೆಲೆಸಿದ ಅಣ್ಣತಮ್ಮಂದಿರ ಮನೆಗೆ ಮಕ್ಕಳನ್ನು ಕರೆದೊಯ್ಯುವ ಗೃಹಸ್ಥರು ವಿರಳ. “ಅವರೇ ವರ್ಷಕ್ಕೊಮ್ಮೆ ಜಾತ್ರೆಗೆ ಬರುತ್ತಾರಲ್ಲ, ನಾವೇಕೆ ಹೋಗಬೇಕು?” ಎಂಬುದು ನಮ್ಮ ಸಮಾಧಾನ. ಈ ಸಮಾಧಾನವು ಎಷ್ಟು ಪೊಳ್ಳೆಂಬುದನ್ನು ಈ ತಿಂಗಳು ವಾಚಕರಲ್ಲಿ ನಿವೇದಿಸಿಕೊಳ್ಳಬೇಕೆಂದಿದ್ದೇನೆ. ಪರರ ದೋಷವನ್ನೆತ್ತಿ ಆಡುವುದಕ್ಕಿಂತ ನನ್ನ ದೋಷವನ್ನೇ ಹೇಳುವುದು ಲೇಸು.

ನಮ್ಮ ಸೀಮೆಯ ಸ್ಥಿತಿಯು ಎಲ್ಲರೂ ಬಲ್ಲದ್ದೇ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆದ ಬಳಿಕ ಎಡದಂಡೆಯ ಕಾಲುವೆಯ ನೀರು ಗಂಗಾವತಿಯ ಕಡೆಗೆ ಹರಿದು ಅಲ್ಲಿ ಬತ್ತದ ಗದ್ದೆಗಳಾದವು. ಕುಷ್ಟಗಿ, ಯಲಬುರ್ಗಾಗಳ ಬಹುಭಾಗವು ಮಾತ್ರ ಮುಗಿಲನ್ನೇ ನೋಡುತ್ತ ಉಳಿಯಿತು. ಮಳೆ ತಪ್ಪಿದ ವರ್ಷ ಇಲ್ಲಿಯವರು ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಕೆಲವರು ಮುಂಗಾರು ಕಂಡೊಡನೆ ಮರಳುತ್ತಾರೆ. ಕೆಲವರು ಹೋದಲ್ಲಿಯೇ ಬೇರೂರುತ್ತಾರೆ. ನನಗಿಂತ ಹನ್ನೆರಡು ವರ್ಷ ಕಿರಿಯನಾದ ನನ್ನ ತಮ್ಮನು ಎರಡನೆಯ ಬಗೆಯವನು. ಪಾಲಿಗೆ ಬಂದ ನಾಲ್ಕೆಕರೆ ಹೊಲವನ್ನು ಸಾಲಕ್ಕಾಗಿ ಮಾರಿ, ಗೋವೆಯ ವಾಸ್ಕೊ ಪಟ್ಟಣಕ್ಕೆ ಹೋಗಿ ಗೌಂಡಿ ಕೆಲಸದಲ್ಲಿ ನಿಂತನು. ಹಿರಿಯರ ಹೊಲವನ್ನು ನನಗೆ ಒಂದು ಮಾತು ತಿಳಿಸದೆ ಪರರಿಗೆ ಕೊಟ್ಟನೆಂಬ ಸಿಟ್ಟಿನಿಂದ ಹನ್ನೊಂದು ವರ್ಷ ನಾನು ಅವನ ಹೊಸ್ತಿಲು ತುಳಿಯಲಿಲ್ಲ. ಅವನು ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದಾಗಲೂ ತನ್ನ ಹೆಂಡತಿಯ ತವರಿನಲ್ಲಿ ಇಳಿದುಕೊಂಡು ಹೋಗುತ್ತಿದ್ದನು.

ಈ ಬೇಸಿಗೆಯಲ್ಲಿ ಹತ್ತು ವರ್ಷದ ಮೊಮ್ಮಗನು, “ಅಜ್ಜಾ, ನಿನಗೆ ತಮ್ಮ ಇದ್ದಾನಂತೆ, ಹೌದೇ?” ಎಂದು ಕೇಳಿದನು. “ಇದ್ದಾನಂತೆ” ಎಂಬ ಮಾತು ನನ್ನನ್ನು ಚುಚ್ಚಿತು. ನನ್ನ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ನನ್ನ ಮೊಮ್ಮಗನಿಗೆ ಬರಿಯ ಕೇಳಿಕೆಯ ಸುದ್ದಿಯಾಗಿದ್ದನು! ಅಂದೇ ಅವನಿಗೂ ಅವನ ಏಳು ವರ್ಷದ ತಂಗಿಗೂ ಟಿಕೇಟು ತೆಗೆಸಿದೆನು.

ಹಾದಿಯ ನೆಪವಾದರೂ ಈಗ ಉಳಿದಿಲ್ಲ. ಕೊಪ್ಪಳಕ್ಕೆ ರೈಲು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತ್ತು. ಗಂಗಾವತಿಗೆ 2019ರಲ್ಲಿಯೂ, ಕುಷ್ಟಗಿಗೆ 2025ರ ಮೇ ತಿಂಗಳಲ್ಲಿಯೂ ಬಂದಿತು. ನಾವು ಕೊಪ್ಪಳದಲ್ಲಿ ಗಾಡಿ ಹತ್ತಿ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾಗಳ ಮಾರ್ಗವಾಗಿ ಹೋದೆವು. ದಾರಿಯಲ್ಲಿ ಮಕ್ಕಳಿಗೆ ಒಂದು ಪಾಠ ಹೇಳಿದೆನು. ನಮ್ಮ ಸೀಮೆಯು 1948ರವರೆಗೆ ನಿಜಾಮರ ಸಂಸ್ಥಾನ. ಗದಗ ಹುಬ್ಬಳ್ಳಿಗಳು 1947ರವರೆಗೆ ಬ್ರಿಟಿಷರ ಮುಂಬಯಿ ಪ್ರಾಂತ. ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ 1961ರವರೆಗೆ ಪೋರ್ತುಗೀಜರ ಆಳಿಕೆ. ಒಂದೇ ಪ್ರಯಾಣದಲ್ಲಿ ಮೂರು ದೊರೆತನಗಳು! ಅವೆಲ್ಲ ಅಳಿದುಹೋದ ಮೇಲೆಯೂ ನಾನು ನನ್ನದೊಂದು ಗಡಿಯನ್ನು ಕಾಯ್ದುಕೊಂಡು ಕುಳಿತಿದ್ದೆನಲ್ಲ ಎಂದು ಒಳಗೊಳಗೇ ನಾಚಿಕೆಯಾಯಿತು. ದೂಧಸಾಗರದ ಧಾರೆ ಬೇಸಿಗೆಯಾದುದರಿಂದ ನೂಲಿನಂತೆ ತೆಳುವಾಗಿತ್ತು. ಮಕ್ಕಳಿಗೆ ಅಷ್ಟೇ ಸಾಕಾಯಿತು.

ತಮ್ಮನದು ಎರಡು ಕೋಣೆಯ ಬಾಡಿಗೆ ಮನೆ. ನಾವು ಒಯ್ದಿದ್ದ ಕಟಕ ರೊಟ್ಟಿಯ ಗಂಟನ್ನೂ ಗುರೆಳ್ಳು ಚಟ್ನಿಯನ್ನೂ ಅವನ ಹೆಂಡತಿ ಬಿಚ್ಚಿ, ಮೊದಲ ರೊಟ್ಟಿಯನ್ನು ದೇವರ ಮುಂದಿಟ್ಟಳು. ಅಷ್ಟರಲ್ಲಿ ಮಕ್ಕಳಲ್ಲಿ ಒಂದು ವ್ಯಾಜ್ಯ ಎದ್ದಿತು. ತಮ್ಮನ ಮಗನಿಗೆ ಒಂಬತ್ತು ವರ್ಷ. ಸಂಬಂಧದಲ್ಲಿ ಅವನು ನನ್ನ ಮೊಮ್ಮಗನಿಗೆ ಕಾಕಾ! “ನನಗಿಂತ ಚಿಕ್ಕವನಿಗೆ ನಮಸ್ಕಾರ ಮಾಡಲೇ?” ಎಂದು ಇವನೂ, “ನಾನು ಕಾಕಾ, ಮಾಡಲೇಬೇಕು” ಎಂದು ಅವನೂ ಪಟ್ಟು ಹಿಡಿದರು. ಕೊನೆಗೆ ಆಟದಲ್ಲಿ ಮೊದಲ ಸರದಿಯನ್ನು ಕಾಕಾನು ಬಿಟ್ಟುಕೊಡತಕ್ಕದ್ದು, ನಮಸ್ಕಾರವನ್ನು ಮಗನು ಮಾಡತಕ್ಕದ್ದು ಎಂದು ತಾವೇ ತೀರ್ಪು ಮಾಡಿಕೊಂಡರು. ಎಲ್ಲರನ್ನೂ “ಅಂಕಲ್” ಎಂದು ಕರೆಯುವ ಮಕ್ಕಳಿಗೆ ಈ ಭಾಗ್ಯವೆಲ್ಲಿಯದು?

ತಮ್ಮನ ಮಕ್ಕಳು ಮನೆಯಲ್ಲಿ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾರೆ, ಆದರೆ ಓದಲಾರರು. ಶಾಲೆಯಲ್ಲಿ ಕಲಿತದ್ದು ನಾಗರೀ ಲಿಪಿ. ನಾನು ಆ ಹುಡುಗನಿಗೆ ನಾಗರಿಯಲ್ಲಿಯೂ ಮೊಮ್ಮಗನಿಗೆ ಕನ್ನಡದಲ್ಲಿಯೂ “ಭ್ರಾತೃವ್ಯ” ಎಂದು ಬರೆದುಕೊಟ್ಟೆನು. ಇಬ್ಬರೂ ಒಂದೇ ಶಬ್ದವನ್ನು ಓದಿದರು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಸೋದರನ ಮಗನೆಂದು ಒಂದರ್ಥ, ಶತ್ರುವೆಂದು ಮತ್ತೊಂದರ್ಥ. ಪಾಣಿನಿಯು ಇವೆರಡಕ್ಕೂ ಬೇರೆ ಬೇರೆ ಸೂತ್ರಗಳನ್ನು ವಿಧಿಸಿದ್ದಾನೆ. ಅಕ್ಷರಗಳು ಅವೇ, ಉಚ್ಚಾರದ ಸ್ವರ ಮಾತ್ರ ಭಿನ್ನ. ನಮ್ಮ ಆಡುಮಾತಿನ “ದಾಯಾದಿ” ಎಂಬುದರಲ್ಲಿಯೂ ಇದೇ ವಿಷ ಬೆರೆತಿರುವುದಷ್ಟೆ. ಮೂವತ್ತು ವರ್ಷ ಈ ಸೂತ್ರಗಳನ್ನು ಪಾಠ ಹೇಳಿದವನಿಗೆ, ಸ್ವರ ತಪ್ಪಿದರೆ ಬಂಧುವೇ ವೈರಿಯಾಗುವನೆಂಬ ತಾತ್ಪರ್ಯವು ವಾಸ್ಕೊದ ಆ ನಡುಮನೆಯಲ್ಲಿ ಹೊಳೆಯಿತು.

ರಾತ್ರಿ ಮಕ್ಕಳು ಒಂದೇ ಚಾಪೆಯ ಮೇಲೆ ಮಲಗಿದ ಬಳಿಕ ತಮ್ಮನನ್ನು ಕೇಳಿದೆನು: “ಹೊಲ ಮಾರುವಾಗ ನನಗೊಂದು ಮಾತು ಕೇಳಬಾರದಿತ್ತೇ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿದ್ನೆಲ್ಲಣ್ಣಾ. ‘ಪಗಾರದ ಮ್ಯಾಲೆ ಬದುಕೂ ಮನಶ್ಯಾ ನಾನು, ನನ್ನ ಕಡೆ ರೊಕ್ಕ ಎಲ್ಲೈತಿ’ ಅಂದಿದ್ದಿ. ನಿನಗ ನೆನಪಿಲ್ಲ, ಅಷ್ಟ” ಎಂದನು. ನೆನಪನ್ನು ಕೆದಕಿ ನೋಡಿದೆನು. ಹೌದು, ಉತ್ತರಪತ್ರಿಕೆಗಳನ್ನು ತಿದ್ದುತ್ತ, ತಲೆ ಎತ್ತದೆ ನಾನು ಆಡಿದ್ದ ಮಾತೇ ಅದು. ಹನ್ನೊಂದು ವರ್ಷದ ನನ್ನ ಸಿಟ್ಟಿಗೆ ತಳಹದಿಯೇ ಇರಲಿಲ್ಲ. ತಪ್ಪಾಯಿತೆಂದು ಹೇಳಿದೆನು. “ಇರಲಿ, ಮಲಕೋ” ಎಂದು ಅವನು ತನ್ನ ದಿಂಬನ್ನು ನನಗೆ ಕೊಟ್ಟನು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಊರಿನಲ್ಲಿ ಉಳಿದವರೇ ಮೊದಲು ಹೋಗಬೇಕು. ದೂರ ಹೋದವನು ಕರೆಯಲು ಸಂಕೋಚಪಡುತ್ತಾನೆ. ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಬೇಡಿರಿ. ದುಡಿಯುವವರ ಮನೆ ಚಿಕ್ಕದು, ಸಂತೆಯ ಖರ್ಚಿನಲ್ಲಿ ನಿಮ್ಮ ಕೈಯೂ ಇರಲಿ. ಸಮುದ್ರವನ್ನು ನೋಡುವುದು ಮರುದಿನಕ್ಕಿರಲಿ. ಮೊದಲ ದಿನ ಮಕ್ಕಳು ಮನೆಯನ್ನು ನೋಡಲಿ. ಅವರ ಜಗಳಗಳಲ್ಲಿ ಬೇಗನೆ ಕೈಹಾಕಬೇಡಿರಿ. ಹಳೆಯ ಲೆಕ್ಕಗಳನ್ನು ಮಕ್ಕಳ ಮುಂದೆ ಎತ್ತಬೇಡಿರಿ. ಆದರೆ ಎತ್ತದೆಯೂ ಬರಬೇಡಿರಿ. ಮೊಬೈಲಿನಲ್ಲಿ ಮುಖ ಕಾಣುವುದು ನಿಜ; ಒಂದೇ ಚಾಪೆಯ ಮೇಲೆ ಮಲಗುವುದು ಅದರಲ್ಲಿ ಆಗದು.

ಬರುವ ಪುಷ್ಯಮಾಸದಲ್ಲಿ ತಮ್ಮನ ಸಂಸಾರವು ನಮ್ಮ ಮನೆಯಲ್ಲಿಯೇ ಇಳಿಯುವುದೆಂದು ನಿಶ್ಚಯವಾಗಿದೆ. ಅಷ್ಟರೊಳಗೆ ಕಾಕಾನಿಗೆ ಕನ್ನಡ ಅಕ್ಷರ ಕಲಿಸುವ ಭಾರವನ್ನು ಮೊಮ್ಮಗನು ಹೊತ್ತಿದ್ದಾನೆ. ಪ್ರತಿ ವಾರ ಒಂದು ಕಾಗದ ಬರೆದು ಅಂಚೆಗೆ ಹಾಕುತ್ತಾನೆ. ಮೊನ್ನೆ ಮೊದಲ ಉತ್ತರ ಬಂದಿತು. ಸೊಟ್ಟ ಅಕ್ಷರಗಳಲ್ಲಿ “ದೊಡ್ಡಪ್ಪ” ಎಂಬ ಒಂದೇ ಶಬ್ದ. ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಲು ಮನಸ್ಸಾಗಲಿಲ್ಲ.